ಮನೆಕಂದಾಯದ ಪುಸ್ತಕವೂ ಋಣವಿಚಾರವೂ

ಮನೆಕಂದಾಯವೆಂಬ ಮಾತನ್ನು ಕೇಳಿ ಸಂತೋಷಪಟ್ಟ ಗೃಹಸ್ಥನನ್ನು ನಾವು ಇದುವರೆಗೆ ಕಂಡಿಲ್ಲ. ಅರ್ಧ ವರ್ಷಕ್ಕೊಮ್ಮೆ ಬರುವ ಆ ತಗಾದೆಯನ್ನು ಹೇಗೋ ತೀರಿಸಿ, ರಶೀದಿಯನ್ನು ತಂತಿಗೆ ಚುಚ್ಚಿಟ್ಟು ಮರೆತುಬಿಡುವುದೇ ಲೋಕರೂಢಿ. ಕೊಡುವವನಿಗೆ ಪ್ರಿಯವಲ್ಲದ ಈ ವ್ಯವಹಾರದ ಲೆಕ್ಕವನ್ನು ಬರೆದಿಟ್ಟ ಪುಸ್ತಕವಂತೂ ಯಾರಿಗೂ ಪ್ರಿಯವಲ್ಲ. ಕಾವ್ಯವನ್ನು ಕಾಪಾಡಬೇಕೆನ್ನುವವರುಂಟು, ಶಾಸನವನ್ನು ಕಾಪಾಡಬೇಕೆನ್ನುವವರುಂಟು, ನಗರಸಭೆಯ ಹಳೆಯ ಕಂದಾಯದ ಪುಸ್ತಕವನ್ನು ಕಾಪಾಡಬೇಕೆಂದು ಹೊರಟವನನ್ನು ಜನ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಹಣ ಸಂದಾಯವಾಯಿತು, ಕೊಟ್ಟವನು ತೀರಿಕೊಂಡನು, ಮನೆಯೂ ಬಿದ್ದು ಆ ಸ್ಥಳದಲ್ಲಿ ಬೇರೊಂದು ಕಟ್ಟಡ ಎದ್ದಿತು. ಇನ್ನು ಆ ಪುಸ್ತಕದಿಂದ ಆಗಬೇಕಾದುದೇನು?

ಈ ಪ್ರಶ್ನೆ ಮೇಲುನೋಟಕ್ಕೆ ಕಚೇರಿಯ ಬೀರುವಿಗೆ ಸಂಬಂಧಿಸಿದ್ದು. ವಿಚಾರ ಮಾಡಿ ನೋಡಿದರೆ ಅದು ಧರ್ಮಕ್ಕೆ ಸಂಬಂಧಿಸಿದ್ದೆಂದು ತೋರುತ್ತದೆ. ಕಾನೂನಿನ ಬಲದಿಂದ ಒಬ್ಬ ಮನುಷ್ಯನಿಂದ ಪಡೆದ ವಿವರವು, ಪಡೆದ ಉದ್ದೇಶ ತೀರಿದ ಮೇಲೆ, ಯಾರಿಗೆ ಸೇರಿದ್ದು? ಪಡೆದವನಿಗೋ, ಕೊಟ್ಟವನ ಮಕ್ಕಳಿಗೋ, ಊರಿಗೋ? ಆ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಅದರಲ್ಲಿ ಪಾಲುಂಟೋ ಇಲ್ಲವೋ? ಕೊಯಮತ್ತೂರು, ತಿರುಪೂರು ಸೀಮೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಉಳಿದವರಿಗಿಂತ ಹತ್ತಿರದ್ದು. ಹೇಗೆಂಬುದನ್ನು ಮುಂದೆ ನೋಡೋಣ.

ಮನೆಯ ಮೇಲಣ ತೆರಿಗೆ ಆಂಗ್ಲರು ತಂದ ಹೊಸ ವಸ್ತುವೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಕನ್ನಡ ಶಾಸನಗಳಲ್ಲಿ ಮನೆವಣ, ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ತಮಿಳು ಶಾಸನಗಳಲ್ಲಿಯೂ ಮಗ್ಗದ ಮೇಲಣ ತೆರಿಗೆಗೆ ತನ್ನದೇ ಹೆಸರುಂಟು. ಅದಕ್ಕಿಂತ ಹಿಂದೆ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯ ಕರ್ತವ್ಯವನ್ನು ಹೇಳುವಾಗ, ಮನೆಗಳನ್ನು ಕರ ಕೊಡುವವು, ಕೊಡದಿರುವವು ಎಂದು ವಿಂಗಡಿಸಿ ಎಣಿಸಬೇಕೆನ್ನುತ್ತಾನೆ. ಆಳುವವನ ಕಣ್ಣಿಗೆ ಊರೆಂಬುದು ಮೊದಲು ಕಾಣುವುದು ಹೀಗೆ: ಕೊಡುವ ಬಾಗಿಲು, ಕೊಡದ ಬಾಗಿಲು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ನಮ್ಮ ಹಿಂದಿನವರು ಕಲ್ಲಿನ ಮೇಲೆ ಹೆಚ್ಚಾಗಿ ಕೊರೆಯಿಸಿದ್ದು ತೆಗೆದುಕೊಂಡ ತೆರಿಗೆಯನ್ನಲ್ಲ, ಬಿಟ್ಟುಕೊಟ್ಟ ತೆರಿಗೆಯನ್ನು. ದೇವಸ್ಥಾನಕ್ಕೆ ಬಿಟ್ಟದ್ದು, ಅಗ್ರಹಾರಕ್ಕೆ ಬಿಟ್ಟದ್ದು, ಸರ್ವಮಾನ್ಯವಾಗಿ ಬಿಟ್ಟದ್ದು, ಇವೆಲ್ಲ ಸೂರ್ಯಚಂದ್ರರಿರುವವರೆಗೆ ಉಳಿಯಬೇಕೆಂದು ಶಿಲೆಗೆ ಏರಿದವು. ವಸೂಲಾದುದರ ನಿತ್ಯದ ಲೆಕ್ಕವಾದರೋ ಓಲೆಗರಿಗೆ ಸೇರಿತು, ಇಲ್ಲವೆ ಕಡತಕ್ಕೆ. ಕಡತವೆಂದರೆ ಇಂದು ನಾವು ತಿಳಿಯುವ ಕಾಗದದ ಕಂತೆಯಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಬೇಕಾದಾಗ ಬರೆದು, ಬೇಡವಾದಾಗ ಒರಸಬಹುದಾಗಿತ್ತು. ದಾನ ಮಾಡಿದ್ದಕ್ಕೆ ಕಲ್ಲು, ತೆಗೆದುಕೊಂಡದ್ದಕ್ಕೆ ಒರಸಬಹುದಾದ ಬಟ್ಟೆ! ಕೊಟ್ಟ ದೊರೆಯ ಹೆಸರು ಉಳಿಯಿತು; ಮನೆವಣವನ್ನು ಸಲ್ಲಿಸಿದ ಒಕ್ಕಲ ಹೆಸರು ಅಳಿಯಿತು. ಇತಿಹಾಸದಲ್ಲಿ ಬಡವನಿಗಾದ ಅನ್ಯಾಯಗಳ ಪಟ್ಟಿಯಲ್ಲಿ ಇದನ್ನೂ ಒಂದಾಗಿ ಸೇರಿಸಬಹುದು.

ಕೊಂಗುನಾಡು ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿದ್ದು, 1799ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ ಕಂಪೆನಿ ಸರ್ಕಾರಕ್ಕೆ ಸೇರಿತು. ಕಂಪೆನಿಯ ಕಾಲದಲ್ಲಿ ಮದ್ರಾಸು ಪ್ರಾಂತದಲ್ಲಿ ಮೊಹತರ್ಫ ಎಂಬ ತೆರಿಗೆ ಮುಂದುವರಿಯಿತು. ಅದು ಅಂಗಡಿಯವರನ್ನೂ ಕಸಬುದಾರರನ್ನೂ ಮಗ್ಗದವರನ್ನೂ ಹಿಡಿಯುವ ತೆರಿಗೆ. ಈ ಸೀಮೆಯ ಕನ್ನಡಿಗರಲ್ಲಿ ದೊಡ್ಡದೊಂದು ಭಾಗ ಮಗ್ಗವನ್ನೇ ನಂಬಿ ಬಾಳಿದವರು. ಚೌಡೇಶ್ವರಿಯನ್ನು ಕುಲದೇವತೆಯಾಗಿ ಉಳ್ಳ ದೇವಾಂಗದವರು ಮನೆಯೊಳಗೇ ಗುಂಡಿ ತೋಡಿ ಮಗ್ಗ ಹೂಡಿದವರು. ಅಂಥವರಿಗೆ ಮಗ್ಗದ ಮೇಲಣ ತೆರಿಗೆ ಎಂದರೆ ಮನೆಯ ಮೇಲಣ ತೆರಿಗೆಯೇ, ಅನ್ನದ ಮೇಲಣ ತೆರಿಗೆಯೇ. ಮೊಹತರ್ಫ 1861ರಲ್ಲಿ ರದ್ದಾಯಿತು. ನಾಲ್ಕು ವರ್ಷ ಕಳೆದು, 1865ರಲ್ಲಿ, ಮದ್ರಾಸು ಸರ್ಕಾರ ಪಟ್ಟಣಗಳ ಸುಧಾರಣೆಯ ಕಾಯಿದೆಯನ್ನು ಮಾಡಿತು. ಅದರ ಮೇರೆಗೆ 1866ರಲ್ಲಿ ಕೊಯಮತ್ತೂರು ಪುರಸಭೆ ಹುಟ್ಟಿತು. ರಾಬರ್ಟ್ ಸ್ಟೇನ್ಸ್ ಎಂಬ ವರ್ತಕರು ಅದರ ಮೊದಲ ಅಧ್ಯಕ್ಷರು. ತಿರುಪೂರಿನ ಪುರಸಭೆ 1917ರದು. ಕೊಯಮತ್ತೂರು 1981ರಲ್ಲಿಯೂ ತಿರುಪೂರು 2008ರಲ್ಲಿಯೂ ಮಹಾನಗರಸಭೆಗಳಾದುವು.

ಪುರಸಭೆಯ ಕಂದಾಯಕ್ಕೂ ಹಿಂದಿನ ತೆರಿಗೆಗೂ ಇದ್ದ ವ್ಯತ್ಯಾಸವೆಂದರೆ, ಊರಿನ ಹಣ ಊರಿನ ಬೀದಿಗೇ ಮರಳಬೇಕೆಂಬುದು. ದೀಪಕ್ಕೆ, ಚರಂಡಿಗೆ, ನೀರಿಗೆ ಅದು ಸಲ್ಲಬೇಕು. ರತ್ನಸಭಾಪತಿ ಮುದಲಿಯಾರರು ಪುರಸಭೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿ ಶಿರುವಾಣಿಯ ನೀರು ಕೊಯಮತ್ತೂರಿಗೆ ಬಂದಿತು. ಅದರ ಸವಿಯನ್ನು ಇಂದಿಗೂ ಊರವರು ಹೊಗಳುತ್ತಾರೆ. ಆ ನೀರಿನ ಹಿಂದೆ ಇಂಜಿನಿಯರರ ಜಾಣ್ಮೆ ಇದ್ದಂತೆಯೇ ಸಾವಿರಾರು ಸಾಮಾನ್ಯ ಗೃಹಸ್ಥರು ಆಣೆ ಪೈಗಳಲ್ಲಿ ಸಲ್ಲಿಸಿದ ಕಂದಾಯವೂ ಇದೆ. ಅಧ್ಯಕ್ಷರ ಹೆಸರು ಒಂದು ಬಡಾವಣೆಗೆ ನಿಂತಿದೆ, ಅದು ಯೋಗ್ಯವೇ. ಆಣೆ ಪೈ ಕೊಟ್ಟವರ ಹೆಸರು ಎಲ್ಲಿಯಾದರೂ ನಿಂತಿರುವುದಾದರೆ ಅದು ಕಂದಾಯದ ಪುಸ್ತಕದಲ್ಲಿ ಮಾತ್ರ.

ಆ ಪುಸ್ತಕದಲ್ಲಿರುವುದಾದರೂ ಏನು? ವಾರ್ಡು, ಬೀದಿ, ಮನೆಯ ನಂಬರು, ಕಂದಾಯ ಸಲ್ಲಿಸತಕ್ಕವನ ಹೆಸರು, ಮನೆಯ ವಾರ್ಷಿಕ ಮೌಲ್ಯ, ಬೇಡಿಕೆ, ವಸೂಲು, ಬಾಕಿ. ಇಷ್ಟೆ. ಮೌಲ್ಯವನ್ನು ಕಟ್ಟುವ ಕ್ರಮ ಮಾತ್ರ ಸ್ವಾರಸ್ಯವಾದುದು. 1920ರ ಮದ್ರಾಸು ಜಿಲ್ಲಾ ಪುರಸಭೆಗಳ ಕಾಯಿದೆ ಬಹುಕಾಲ ಈ ಊರುಗಳಲ್ಲಿ ನಡೆಯಿತು. ಈಗ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿದೆ. ಆ ಹಳೆಯ ಕಾಯಿದೆಯ ಪ್ರಕಾರ, ಮನೆಯನ್ನು ಬಾಡಿಗೆಗೆ ಕೊಟ್ಟರೆ ನ್ಯಾಯವಾಗಿ ಎಷ್ಟು ಬರಬಹುದೋ ಅಷ್ಟು ಬಾಡಿಗೆಯನ್ನು ಊಹಿಸಿ, ಅದರಲ್ಲಿ ಕಟ್ಟಡದ ಪಾಲಿಗೆ ಸೇರಿದ ಮೊತ್ತದಿಂದ ನೂರಕ್ಕೆ ಹತ್ತನ್ನು ರಿಪೇರಿಯ ಬಾಬ್ತು ಕಳೆದು, ಉಳಿದುದನ್ನು ವಾರ್ಷಿಕ ಮೌಲ್ಯವೆಂದು ಎಣಿಸಬೇಕು. ಅಂದರೆ ತಾನೇ ಕಟ್ಟಿ ತಾನೇ ವಾಸಿಸುವ ಮನೆಯಲ್ಲಿಯೂ ಮನುಷ್ಯನು ಕಾಯಿದೆಯ ಕಣ್ಣಿಗೆ ಒಬ್ಬ ಬಾಡಿಗೆದಾರನೇ. ವೇದಾಂತಿಗಳು ದೇಹವನ್ನು ಬಾಡಿಗೆಯ ಮನೆಯೆಂದು ಹೇಳಿ ವೈರಾಗ್ಯವನ್ನು ಬೋಧಿಸಿದರು. ಪುರಸಭೆ ಅದೇ ತತ್ತ್ವವನ್ನು ರೂಪಾಯಿ ಆಣೆಗಳಲ್ಲಿ ಬೋಧಿಸಿತು.

ಈಗ ಪುಸ್ತಕವನ್ನು ಇಟ್ಟುಕೊಳ್ಳುವುದು ವ್ಯರ್ಥವೆನ್ನುವವರ ವಾದವನ್ನು ಕೇಳೋಣ. ಅವರು ಅವಿವೇಕಿಗಳಲ್ಲ, ಅವರ ಮಾತಿನಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಸ್ಥಳ. ಜನಕ್ಕೆ ಕುಳಿತುಕೊಳ್ಳಲು ಬೆಂಚಿಲ್ಲದ ಕಚೇರಿಯಲ್ಲಿ ಸತ್ತವರ ಲೆಕ್ಕಕ್ಕೆ ಕೋಣೆ ಏಕೆ? ಎರಡನೆಯದು ನ್ಯಾಯ. ಸಾಲ ತೀರಿದೊಡನೆ ಸಾಲಪತ್ರವನ್ನು ಹರಿದುಹಾಕುವುದು ನಮ್ಮ ಜನರ ಒಳ್ಳೆಯ ಸಂಪ್ರದಾಯ; ತೀರಿದ ಕಂದಾಯದ ಪತ್ರವನ್ನು ಮಾತ್ರ ಏಕೆ ಇಟ್ಟುಕೊಳ್ಳಬೇಕು? ಮೂರನೆಯದು ಮಾನ. ಪುಸ್ತಕದಲ್ಲಿ ವಸೂಲು ಇರುವಂತೆ ಬಾಕಿಯೂ ಇದೆ. ನಮ್ಮ ಮುತ್ತಜ್ಜನು ಮೂರು ಅರ್ಧವರ್ಷ ಕಂದಾಯ ಕೊಡದೆ ಜಪ್ತಿಗೆ ಗುರಿಯಾದನೆಂಬುದನ್ನು ನಾಳೆ ಯಾರೋ ಓದುವುದು ನಮಗೆ ಹಿತವೆ?

ಎರಡನೆಯ ವಾದವೇ ಮುಖ್ಯವಾದುದು; ಅದನ್ನು ಮೊದಲು ಎತ್ತಿಕೊಳ್ಳುತ್ತೇವೆ. ಸಾಲಪತ್ರವನ್ನು ಹರಿಯುವುದು ಏತಕ್ಕೆ? ಸಾಲಗಾರನಿಗೆ ಭಯ ಉಳಿಯಬಾರದೆಂದು. ಅಂದರೆ ಅದು ಕೊಟ್ಟವನ ಹಿತಕ್ಕಾಗಿ ಮಾಡುವ ಕೆಲಸ. ಕಂದಾಯದ ಪುಸ್ತಕವನ್ನು ಹರಿದರೆ ಯಾರಿಗೆ ಹಿತ? ಸಲ್ಲಿಸಿದವನಿಗೆ ಅದರಿಂದ ಭಯ ತಪ್ಪುವುದಿಲ್ಲ. ಸಲ್ಲಿಸಿದ್ದೇನೆಂಬುದಕ್ಕೆ ಇದ್ದ ಸಾಕ್ಷಿ ತಪ್ಪುತ್ತದೆ. ಸಾಲಪತ್ರ ಕೊಟ್ಟವನ ವಿರುದ್ಧ ಮಾತನಾಡುತ್ತದೆ. ತೀರಿದ ಕಂದಾಯದ ನಮೂದು ಕೊಟ್ಟವನ ಪರವಾಗಿ ಮಾತನಾಡುತ್ತದೆ. ಎರಡನ್ನೂ ಒಂದೇ ಅಗ್ನಿಗೆ ಹಾಕುವುದು ವಿವೇಕವಲ್ಲ.

ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳುತ್ತೇವೆ. ಕಂದಾಯದ ಪುಸ್ತಕವನ್ನು ಬರೆಯುವ ದಿನ ಅದು ಪ್ರಜೆಯು ಊರಿಗೆ ತೆರಬೇಕಾದ ಋಣದ ಪಟ್ಟಿ. ಪ್ರಜೆ ಆ ಋಣವನ್ನು ತೀರಿಸಿದ ದಿನದಿಂದ ಪಟ್ಟಿ ತಿರುವುಮುರುವಾಗುತ್ತದೆ. ಅಂದಿನಿಂದ ಅದು ಊರು ಪ್ರಜೆಗೆ ತೆರಬೇಕಾದ ಋಣದ ಪಟ್ಟಿ. ಕೇಳದೆ ಅವನ ಮನೆಯನ್ನು ಅಳೆದರು, ಹೆಸರನ್ನು ಬರೆದುಕೊಂಡರು, ಹಣವನ್ನು ಪಡೆದರು. ಪಡೆದದ್ದರ ಬದಲು ದೀಪ ನೀರುಗಳನ್ನು ಕೊಟ್ಟರೆಂಬುದು ನಿಜ. ಆದರೆ ದೀಪ ನೀರುಗಳು ಹಣಕ್ಕೆ ಪ್ರತಿ. ಹೆಸರಿಗೆ ಪ್ರತಿಯಾಗಿ ಕೊಡತಕ್ಕದ್ದು ಒಂದೇ: ಆ ಹೆಸರನ್ನು ಪ್ರಾಮಾಣಿಕವಾಗಿ ಕಾಪಾಡುವುದು, ಬೇಕಾದವನು ಬಂದು ಕೇಳಿದಾಗ ತೆಗೆದು ತೋರಿಸುವುದು.

ಇದು ಬರಿಯ ಭಾವನೆಯ ಮಾತೆಂದು ಯಾರಾದರೂ ನಕ್ಕರೆ ಒಂದು ಉದಾಹರಣೆಯನ್ನು ಅವರ ಮುಂದಿಡುತ್ತೇವೆ. ಮಗ್ಗದ ಬೀದಿಯಲ್ಲಿ ಒಂದು ಹಳೆಯ ಮನೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾದವರು. ಕಿರಿಯವನು ತೀರಿಕೊಂಡನು. ಅವನ ಹೆಂಡತಿ ನಲವತ್ತು ವರ್ಷ ಹಿಂದಿನ ಅಂಕಣದಲ್ಲಿ ಮಗ್ಗ ನಡೆಸಿ ಮಕ್ಕಳನ್ನು ಸಾಕಿದಳು. ತನ್ನ ಭಾಗದ ಕಂದಾಯವನ್ನು ತಪ್ಪದೆ ಕೊಟ್ಟಳು. ಈಗ ಬೀದಿ ವ್ಯಾಪಾರದ ಬೀದಿಯಾಯಿತು. ನೆಲಕ್ಕೆ ಬೆಲೆ ಬಂದಿತು. ಹಿರಿಯವನ ಮೊಮ್ಮಕ್ಕಳು ಇಡೀ ಮನೆ ತಮ್ಮದೆನ್ನುತ್ತಾರೆ. ಆ ಮುದುಕಿಯ ಬಳಿ ಕ್ರಯಪತ್ರವಿಲ್ಲ, ಪಾಲುಪಟ್ಟಿಯಿಲ್ಲ. ಅವಳಿಗೆ ಉಳಿದ ಸಾಕ್ಷಿ ಯಾವುದು? ಇಂಥ ಕಥೆ ಈ ಸೀಮೆಯಲ್ಲಿ ಅಪರೂಪವಲ್ಲವೆಂದು ವಾಚಕರು ಬಲ್ಲರು. ಕಂದಾಯದ ನಮೂದಾಗಲಿ ಖಾತೆಯ ಬದಲಾವಣೆಯಾಗಲಿ ಒಡೆತನವನ್ನು ಹುಟ್ಟಿಸಲಾರದು, ಅಳಿಸಲಾರದು ಎಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಅನೇಕ ಸಲ ಹೇಳಿದೆ. ಅದು ಸರಿಯೇ. ಆದರೂ ಇಂಥವನು ಇಂಥ ಕಾಲದಲ್ಲಿ ಇಲ್ಲಿ ಇದ್ದನೆಂಬುದಕ್ಕೆ ಅದು ಒಂದು ಸಾಕ್ಷಿಯಾಗುತ್ತದೆ. ಶ್ರೀಮಂತನಿಗೆ ನೋಂದಾಯಿತ ಪತ್ರಗಳುಂಟು, ವಕೀಲರುಂಟು. ಬಡವನಿಗೆ ಉಳಿಯುವುದು ಇಂಥ ಸಣ್ಣ ಸಾಕ್ಷಿಗಳೇ. ಆದುದರಿಂದ ಹಳೆಯ ಪುಸ್ತಕ ಹಾಳಾದಾಗ ನಷ್ಟ ಎಲ್ಲರಿಗೂ ಸಮವಾಗಿ ಆಗುವುದಿಲ್ಲ.

ಕನ್ನಡಿಗರಿಗೆ ಇದು ಹೆಚ್ಚು ಹತ್ತಿರದ್ದೆಂದೆವಲ್ಲವೆ? ಈ ಸೀಮೆಯ ಎಷ್ಟೋ ಕನ್ನಡದ ಮನೆಗಳಲ್ಲಿ ನುಡಿ ಉಂಟು, ಬರಹವಿಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಹಿಂದಿನ ಕಾಲದ ಕಚೇರಿಯಲ್ಲಿ ಇಂಗ್ಲಿಷು. ತಲೆಮಾರುಗಳಿಂದ ಕನ್ನಡವಾಡಿದ ಮನೆಯಲ್ಲಿಯೇ ಕನ್ನಡದಲ್ಲಿ ಬರೆದ ಒಂದು ಚೀಟಿ ದೊರೆಯದಿರಬಹುದು. ಅಂಥ ಸಂಸಾರದ ನಾಲ್ಕನೆಯ ತಲೆಯ ಹಿರಿಯನ ಹೆಸರು ಎಲ್ಲಿಯಾದರೂ ಉಳಿದಿದ್ದರೆ ಅದು ಬೇರೊಬ್ಬರ ಲಿಪಿಯಲ್ಲಿ, ಬೇರೊಂದು ಉದ್ದೇಶಕ್ಕಾಗಿ, ಗುಮಾಸ್ತನೊಬ್ಬನು ಅವಸರದಿಂದ ಬರೆದ ಪುಟದಲ್ಲಿ ಉಳಿದಿರಬೇಕು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ತಕಾರ ದಕಾರಗಳಿಗೆ ಒಂದೇ. ಪಕಾರ ಬಕಾರಗಳಿಗೆ ಒಂದೇ. ಬಸವಯ್ಯನೆಂದು ತಾಯಿ ಕರೆದ ಹೆಸರು ಆ ಲಿಪಿಯಲ್ಲಿ ಪಸವಯ್ಯನೂ ಆಗಬಹುದು; ಇಂಗ್ಲಿಷಿಗೆ ಹೋದರೆ ಮತ್ತೊಂದು ರೂಪ. ಇದರಲ್ಲಿ ಯಾರ ದ್ವೇಷವೂ ಇಲ್ಲ; ಪ್ರತಿಯೊಂದು ಲಿಪಿಗೂ ತನ್ನ ಮರ್ಯಾದೆಯುಂಟು. ಆದರೆ ಅಲ್ಲಿ ಮರೆಯಾಗಿ ಕುಳಿತ ಕನ್ನಡದ ಹೆಸರನ್ನು ಗುರುತಿಸಿ ಓದಬಲ್ಲವರು ಆ ಮನೆಗಳ ಮಕ್ಕಳೇ. ಅವರು ಓದುವ ಮೊದಲೇ ಪುಸ್ತಕ ಗೆದ್ದಲಿಗೆ ಹೋದರೆ ಆಮೇಲೆ ಓದುವುದೇನು?

ಕೊಳ್ಳೇಗಾಲದ ವಿಚಾರವನ್ನು ಇಲ್ಲಿ ನೆನೆಯಬೇಕು. ಆ ಕನ್ನಡ ತಾಲ್ಲೂಕು 1956ನೆಯ ನವೆಂಬರ್ 1ನೆಯ ತಾರೀಖಿನವರೆಗೆ ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಆ ದಿನ ಅದು ಮೈಸೂರಿಗೆ ಸೇರಿತು. ಈಗ ಅದು ಚಾಮರಾಜನಗರ ಜಿಲ್ಲೆಯಲ್ಲಿದೆ. ಗಡಿ ಒಂದು ರಾತ್ರಿಯಲ್ಲಿ ಸರಿಯುತ್ತದೆ. ಕಾಗದ ಹಾಗೆ ಸರಿಯುವುದಿಲ್ಲ. ಒಂದೂವರೆ ಶತಮಾನದ ಆಡಳಿತ ಒಂದು ಊರಿನ ಕಲೆಕ್ಟರರ ಕಚೇರಿಯಿಂದ ನಡೆದಿದ್ದರೆ, ಆ ಕಾಲದ ರೈತನ ಹೆಸರು ಆ ಕಡೆಯ ಕಾಗದಗಳಲ್ಲಿಯೇ ಇರುತ್ತದೆ. ತನ್ನ ರಾಜ್ಯದವನಲ್ಲದವನ ತಾತನ ಹೆಸರನ್ನೂ ಕಾಪಾಡುವ ಹೊಣೆ ಆಗ ಆ ಕಾಗದವನ್ನು ಇಟ್ಟುಕೊಂಡವನ ಮೇಲೆ ಬೀಳುತ್ತದೆ. ನಾವು ಹೇಳಿದ ಋಣವು ಭಾಷೆಯನ್ನೂ ಗಡಿಯನ್ನೂ ನೋಡುವಂಥದಲ್ಲ.

ಇನ್ನು ಮಾನದ ಪ್ರಶ್ನೆ. ಬದುಕಿರುವವನ ಬಾಕಿಯನ್ನು ಬೀದಿಯಲ್ಲಿ ಸಾರುವುದು ಸಭ್ಯತೆಯಲ್ಲ. ಸತ್ತವನ ಬಾಕಿಯ ವಿಚಾರ ಬೇರೆ. ಕಾಲವೇ ಅದರ ಕೊಂಕನ್ನು ಕಳೆದಿರುತ್ತದೆ; ಉಳಿಯುವುದು ತಿಳಿವಳಿಕೆ ಮಾತ್ರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ಲೇಗು ಕೊಯಮತ್ತೂರನ್ನು ಮೇಲಿಂದ ಮೇಲೆ ಪೀಡಿಸಿತು. ಆ ನೆನಪು ಊರಿನ ಪ್ಲೇಗ್ ಮಾರಿಯಮ್ಮನ ಗುಡಿಗಳಲ್ಲಿ ಇಂದಿಗೂ ಉಳಿದಿದೆ. ಮನೆಗೆ ಬೀಗ ಹಾಕಿ ಜನ ಬಯಲಿಗೆ ಓಡಿದ ವರ್ಷದಲ್ಲಿ ಒಂದು ಮನೆಯ ಹೆಸರಿನ ಮುಂದೆ ಬಾಕಿಯೆಂದು ಬರೆದಿದ್ದರೆ, ಅದನ್ನು ಸೋಮಾರಿತನವೆಂದು ಓದುವವನು ಮೂಢ. ಅಲ್ಲಿ ಬರೆದಿರುವುದು ಬಾಕಿ, ನಡೆದಿರುವುದು ಮರಣ. ಮರ್ಯಾದೆಯನ್ನು ಕಾಯುವ ಬಗೆ ಪುಸ್ತಕವನ್ನು ಮುಚ್ಚುವುದಲ್ಲ, ಅದನ್ನು ಸರಿಯಾಗಿ ಓದುವುದನ್ನು ಕಲಿಯುವುದು. ಬದುಕಿರುವವರಿಗೂ ಗತಿಸಿದವರಿಗೂ ನಡುವೆ ಎಲ್ಲಿ ಗೆರೆ ಎಳೆಯಬೇಕೆಂಬುದಕ್ಕೆ 2005ರ ಮಾಹಿತಿ ಹಕ್ಕಿನ ಕಾಯಿದೆ ಒಂದು ಹಾದಿಯನ್ನು ತೋರಿಸಿದೆ: ಇಪ್ಪತ್ತು ವರ್ಷ ಕಳೆದ ವಿಷಯಗಳಿಗೆ ಆ ಕಾಯಿದೆಯಲ್ಲಿರುವ ಅಡ್ಡಿಗಳಲ್ಲಿ ಹೆಚ್ಚಿನವು ಅನ್ವಯಿಸುವುದಿಲ್ಲ. ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ ಕ್ರಮವಾಗಿ ಇಟ್ಟಿರಬೇಕೆಂದೂ ಅದೇ ಕಾಯಿದೆ ವಿಧಿಸುತ್ತದೆ. ಸ್ಥಳವಿಲ್ಲವೆಂಬ ಮೊದಲ ವಾದಕ್ಕೆ ಇಷ್ಟು ಉತ್ತರ ಸಾಕು.

ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಪುಸ್ತಕವನ್ನು ಕಾಪಾಡಬೇಕು ಎಂದವರು ಅದರಲ್ಲಿ ಏನಿಲ್ಲ ಎಂಬುದನ್ನೂ ಹೇಳಬೇಕು. ಕಂದಾಯದ ಪುಸ್ತಕ ಕೇಳುವುದು ಒಂದೇ ಪ್ರಶ್ನೆ: ಈ ಕಟ್ಟಡಕ್ಕೆ ಹಣ ಕೊಡತಕ್ಕವನು ಯಾರು? ಅಲ್ಲಿ ಹುಟ್ಟಿದವರು ಯಾರು, ಅಡಿಗೆ ಮಾಡಿದವರು ಯಾರು, ಲಾಳಿ ಎಸೆದವರು ಯಾರು, ನೂಲು ಸುತ್ತಿದ ಹೆಂಗಸರು ಮಕ್ಕಳು ಯಾರು ಎಂದು ಅದು ಕೇಳುವುದಿಲ್ಲ. ಗಂಡನು ಬದುಕಿರುವವರೆಗೆ ಹೆಂಡತಿಯ ಹೆಸರು ಅದರಲ್ಲಿ ಬರುವುದು ಅಪರೂಪ. ಬಾಡಿಗೆಗೆ ಇದ್ದವನ ಹೆಸರು ಬರುವುದಿಲ್ಲ. ಪರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನ ಹೆಸರು ಬರುವುದಿಲ್ಲ. ಕಂದಾಯದಿಂದ ವಿನಾಯಿತಿ ಪಡೆದ ಸ್ಥಳಗಳಲ್ಲಿ ದೇವಸ್ಥಾನ, ಶಾಲೆಗಳಂತೆ ಸ್ಮಶಾನವೂ ಒಂದು. ಬದುಕಿದ್ದಾಗ ಎಲ್ಲಿಯೂ ಬಾಗಿಲ ನಂಬರಿಲ್ಲದಿದ್ದವನು ಕೊನೆಗೆ ಸೇರಿದ ಜಾಗವೂ ಕಂದಾಯವಿಲ್ಲದ ಜಾಗವೇ ಆಯಿತು!

ಇದು ಬರಿಯ ನೆನಪಿನ ವಿಷಯವಲ್ಲ, ಅಧಿಕಾರದ ವಿಷಯವೂ ಆಗಿತ್ತು. ವಯಸ್ಕರೆಲ್ಲರಿಗೂ ಮತದ ಹಕ್ಕು ಬರುವುದಕ್ಕೆ ಮುಂಚೆ ಪುರಸಭೆಯ ಚುನಾವಣೆಯಲ್ಲಿ ಮತ ಹಾಕುವ ಯೋಗ್ಯತೆ ತೆರಿಗೆಯೊಡನೆ ಗಂಟುಬಿದ್ದಿತ್ತು. ಪುಸ್ತಕದಲ್ಲಿ ಹೆಸರಿದ್ದವನಿಗೆ ಊರಿನ ವ್ಯವಹಾರದಲ್ಲಿ ಬಾಯಿ ಉಂಟು, ಇಲ್ಲದವನಿಗೆ ಬಾಯಿಲ್ಲ. ಗಣರಾಜ್ಯವಾದ ಮೇಲೆ ಆ ಗಂಟು ಬಿಚ್ಚಿತು. ಆದರೆ ಗಂಟಿನ ಗುರುತು ಮನಸ್ಸಿನಿಂದ ಹೋಗಿದೆಯೆ? ತಿರುಪೂರಿನಲ್ಲಿ ಬನಿಯನ್ ಕಾರ್ಖಾನೆಗಳ ಸುತ್ತ ಸಾಲುಮನೆಗಳಿವೆ. ಲೈನ್ ಮನೆಗಳೆಂದು ಜನ ಕರೆಯುತ್ತಾರೆ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಧರ್ಮಪುರಿಯ ಕಡೆಯವರು, ಮಧುರೆಯ ಕಡೆಯವರು, ಒಡಿಶಾ ಬಿಹಾರಗಳಿಂದ ಬಂದವರು. ಬಾಡಿಗೆಯೊಳಗೆ ಕಂದಾಯದ ಹಣವೂ ಅಡಗಿದೆ. ಅದನ್ನು ದುಡಿದು ಕೊಡುವವರು ಅವರು. ಪುಸ್ತಕದಲ್ಲಿ ಕಾಣುವುದು ಯಜಮಾನನ ಹೆಸರೊಂದೇ. ನಾಳೆ ನೂರು ವರ್ಷ ಕಳೆದು ಆ ಪುಟವನ್ನು ಓದುವವನು ಅಲ್ಲಿ ಒಬ್ಬ ಮನುಷ್ಯನಿದ್ದನೆಂದು ತಿಳಿಯುತ್ತಾನೆ. ನಿಜವಾಗಿ ಅಲ್ಲಿ ಒಂದು ಊರೇ ಇತ್ತು.

ತೆರಿಗೆಯ ರೂಪ ಬದಲಾದರೆ ನೆನಪಿನ ರೂಪವೂ ಬದಲಾಗುತ್ತದೆಂಬುದಕ್ಕೆ ಹೊರದೇಶದ ಒಂದು ನಿದರ್ಶನವಿದೆ. ಇಟಲಿಯ ಫ್ಲಾರೆನ್ಸ್ ನಗರ 1427ರಲ್ಲಿ ತನ್ನ ಪ್ರಜೆಗಳ ಆಸ್ತಿಯ ಮೇಲೆ ಹೊಸ ತೆರಿಗೆಯ ಲೆಕ್ಕವನ್ನು ಮಾಡಿಸಿತು. ಅದರಲ್ಲಿ ಮನೆಯ ಪ್ರತಿಯೊಂದು ಬಾಯಿಗೂ ಇನ್ನೂರು ಫ್ಲೋರಿನ್ ನಾಣ್ಯಗಳಷ್ಟು ವಿನಾಯಿತಿ ಇತ್ತು. ವಿನಾಯಿತಿಯ ಆಸೆಯಿಂದ ಗೃಹಸ್ಥರು ಮುದಿ ತಾಯಿಯನ್ನೂ ತೊಟ್ಟಿಲ ಕೂಸನ್ನೂ ಬಿಡದೆ ಬರೆಯಿಸಿದರು. ಅದರಿಂದಾಗಿ ಆರು ಶತಮಾನಗಳು ಕಳೆದರೂ ಆ ಊರಿನ ಸಂಸಾರಗಳ ರಚನೆಯನ್ನು ವಿದ್ವಾಂಸರು ಇಂದು ಓದಬಲ್ಲವರಾಗಿದ್ದಾರೆ. ನಮ್ಮ ಪುರಸಭೆಯ ಕಾಯಿದೆ ಗೋಡೆಗೆ ಸವೆತದ ಬಾಬ್ತು ನೂರಕ್ಕೆ ಹತ್ತು ಬಿಟ್ಟಿತು. ಬಾಯಿಗೆ ಏನನ್ನೂ ಬಿಡಲಿಲ್ಲ. ಆದುದರಿಂದ ನಮ್ಮಲ್ಲಿ ಗೋಡೆಗಳು ನೆನಪಾಗಿ ಉಳಿದವು, ಬಾಯಿಗಳು ಉಳಿಯಲಿಲ್ಲ. 2022ರಲ್ಲಿ ತಮಿಳುನಾಡು ಸರ್ಕಾರ ಕಂದಾಯವನ್ನು ಏರಿಸಿದಾಗ ಹೆಚ್ಚಳವನ್ನು ಮನೆಯ ಅಳತೆಯ ಮೇಲೆ ನಿರ್ಧರಿಸಿತು; 600 ಚದರ ಅಡಿಯೊಳಗಿನ ಮನೆಗೆ ಕಡಮೆ, 1,800 ಅಡಿಯನ್ನು ಮೀರಿದ ಮನೆಗೆ ಅಧಿಕ. ಚಿಕ್ಕ ಮನೆಯವನಿಗೆ ದಯೆ ತೋರಿದ ಈ ಕ್ರಮ ಶ್ಲಾಘ್ಯವೇ. ಆದರೂ ಎಣಿಸಿದ್ದು ಅಡಿಗಳನ್ನು. ಆ 600 ಅಡಿಯಲ್ಲಿ ಇಬ್ಬರಿದ್ದಾರೋ ಎಂಟು ಮಂದಿಯಿದ್ದಾರೋ ಪುಸ್ತಕಕ್ಕೆ ತಿಳಿಯದು.

ಹೀಗಿರಲು ಕಂದಾಯದ ಪುಸ್ತಕದ ವಿಷಯದಲ್ಲಿ ಎರಡು ಬಗೆಯ ಅಧರ್ಮಗಳು ಸಾಧ್ಯವೆಂದಾಯಿತು. ಅದನ್ನು ಹಾಳುಮಾಡುವುದು ಒಂದು. ಅದೇ ಪೂರ್ಣಸತ್ಯವೆಂದು ನಂಬುವುದು ಇನ್ನೊಂದು. ಮೊದಲನೆಯದರಿಂದ ಇದ್ದವರು ಇಲ್ಲವಾಗುತ್ತಾರೆ. ಎರಡನೆಯದರಿಂದ ಪುಸ್ತಕದಲ್ಲಿ ಇಲ್ಲದವರು ಎಂದೂ ಇರಲೇ ಇಲ್ಲವೆಂದಾಗುತ್ತದೆ. ಯಾವುದು ಹೆಚ್ಚು ಕ್ರೂರವೆಂದು ಹೇಳುವುದು ಕಷ್ಟ. “ನಿಮ್ಮ ಹೆಸರು ಪುಸ್ತಕದಲ್ಲಿಲ್ಲ” ಎಂಬ ಒಂದು ಮಾತಿನಿಂದ ಎಷ್ಟು ಮಂದಿಯನ್ನು ನೆಲದಿಂದ ಎಬ್ಬಿಸಬಹುದೆಂಬುದು ಲೋಕಕ್ಕೆ ಗೊತ್ತಿದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಭೂಮಿಯ ಲೆಕ್ಕದ ಪುಸ್ತಕಕ್ಕೆ ಜನ ಪ್ರಳಯದ ತೀರ್ಪಿನ ಪುಸ್ತಕವೆಂದು ಹೆಸರಿಟ್ಟರು. ಅದರ ಮೇಲೆ ಅಪೀಲಿಲ್ಲವೆಂಬ ಭಾವನೆ. ಆ ಪ್ರಳಯದ ಪುಸ್ತಕದಲ್ಲಿಯೇ ಲಂಡನ್ ನಗರದ ಲೆಕ್ಕವಿಲ್ಲ! ದೇಶದ ಅತಿ ದೊಡ್ಡ ಊರನ್ನೇ ಬಿಟ್ಟ ಪುಸ್ತಕವು ಒಬ್ಬ ಕೂಲಿಯವಳನ್ನು ಬಿಟ್ಟಿದ್ದರೆ ಅವಳಿರಲಿಲ್ಲವೆಂದು ಹೇಗೆ ಹೇಳುವುದು? ತಪ್ಪಿಲ್ಲದ ಲೆಕ್ಕ ಚಿತ್ರಗುಪ್ತನೊಬ್ಬನದೆಂದು ನಮ್ಮ ಹಿರಿಯರು ನಂಬಿದ್ದರು. ಪುರಸಭೆಯ ಗುಮಾಸ್ತನಿಗೆ ಆ ಪದವಿಯನ್ನು ಕೊಡಬೇಕಾದ್ದಿಲ್ಲ. ಅವನೂ ಅದನ್ನು ಬೇಡಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಶಾಲೆಯ ದಾಖಲಾತಿ ಪುಸ್ತಕವನ್ನು ಬರೆಯುವ ಉಪಾಧ್ಯಾಯರಿಗೆ ಒಂದು ನಿಯಮ ಗೊತ್ತುಂಟು: ಒಮ್ಮೆ ಬರೆದ ನಮೂದನ್ನು ಕೆರೆದು ಅಳಿಸಬಾರದು. ತಿದ್ದಬೇಕಾದರೆ ಹಳೆಯದು ಕಾಣುವಂತೆ ಗೆರೆ ಎಳೆದು, ಹೊಸದನ್ನು ಮೇಲೆ ಬರೆದು, ರುಜು ಹಾಕಿ, ತಾರೀಖು ಹಾಕಬೇಕು. ಹಳೆಯ ಕಂದಾಯದ ಪುಸ್ತಕಗಳಲ್ಲಿಯೂ ಖಾತೆ ಬದಲಾದಾಗ ತಂದೆಯ ಹೆಸರಿನ ಮೇಲೆ ಗೆರೆ ಬಿದ್ದು ಮಗನ ಹೆಸರು ಬರುತ್ತಿತ್ತು. ಗೆರೆಯ ಕೆಳಗೆ ತಂದೆ ಕಾಣುತ್ತಲೇ ಇದ್ದನು. ಇಂದು ಗಣಕಯಂತ್ರದ ಪರದೆಯ ಮೇಲೆ ಮನೆಯ ನಂಬರನ್ನು ಒತ್ತಿದರೆ ಬರುವುದು ಇಂದಿನ ಹೆಸರು. ಬೇಡಿಕೆಗೆ ಅಷ್ಟು ಸಾಕು, ಊರಿಗೆ ಸಾಲದು. ಹೊಸ ಸಲಕರಣೆಯನ್ನು ನಾವು ಹಳಿಯುವವರಲ್ಲ. ಅದರಲ್ಲಿ ಎಷ್ಟು ಹೆಸರುಗಳನ್ನಾದರೂ ಒಂದರ ಕೆಳಗೊಂದು ಇಡಬಹುದು. ಹಳೆಯ ಪುಸ್ತಕಗಳ ಪುಟಗಳ ಚಿತ್ರ ತೆಗೆದು ಸಣ್ಣ ಪೆಟ್ಟಿಗೆಯಲ್ಲಿ ಅಡಗಿಸಬಹುದು. ಸ್ಥಳವಿಲ್ಲವೆಂಬ ವಾದ ಈ ಕಾಲದಲ್ಲಿ ನಿಲ್ಲಲಾರದು. ಇಲ್ಲದಿರುವುದು ಸ್ಥಳವೋ ಮನಸ್ಸೋ ಎಂಬುದನ್ನು ಆಳುವವರೂ ಆಳಿಸಿಕೊಳ್ಳುವವರೂ ಕೇಳಿಕೊಳ್ಳಬೇಕು.

ಆದರೆ ಎಲ್ಲವನ್ನೂ ನಗರಸಭೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಪುಸ್ತಕ ಕೇಳದ ಪ್ರಶ್ನೆಗಳನ್ನು ಕೇಳುವ ಕೆಲಸ ನಮ್ಮಂಥ ಸಂಘಗಳದು. ನಮ್ಮ ಮನೆಗಳ ತಂತಿಗಳಲ್ಲಿ, ಟ್ರಂಕುಗಳಲ್ಲಿ, ದೇವರ ಗೂಡಿನ ಹಿಂದೆ ಎಷ್ಟೋ ಹಳೆಯ ರಶೀದಿಗಳಿವೆ. ಒಂದೊಂದು ರಶೀದಿಯನ್ನೂ ಮುಂದಿಟ್ಟುಕೊಂಡು ಮನೆಯ ಹಿರಿಯ ಹೆಂಗಸನ್ನು ಕೇಳಬೇಕು: ಈ ಹೆಸರು ಯಾರದು? ಆಗ ಮನೆಯಲ್ಲಿ ಎಷ್ಟು ಮಗ್ಗಗಳಿದ್ದವು? ಬಾಡಿಗೆಗೆ ಇದ್ದವರು ಯಾರು, ಎಲ್ಲಿಂದ ಬಂದವರು? ಅವಳು ಹೇಳಿದುದನ್ನು ಅವಳಾಡುವ ಕನ್ನಡದಲ್ಲಿಯೇ ಬರೆದಿಡಬೇಕು. ಹೀಗೆ ಮಾಡಿದರೆ ಗುಮಾಸ್ತನು ಬರೆದ ಒಂದು ಹೆಸರಿನ ಸುತ್ತ ಅವನು ಬರೆಯದ ಹತ್ತು ಹೆಸರುಗಳು ಬಂದು ಕೂಡಿಕೊಳ್ಳುತ್ತವೆ. ಈ ಕೆಲಸಕ್ಕೆ ಹಣ ಬೇಡ, ಅನುಮತಿ ಬೇಡ. ಹೇಳುವವರು ಬದುಕಿರಬೇಕು, ಅಷ್ಟೆ.

ದೇವಋಣ, ಋಷಿಋಣ, ಪಿತೃಋಣಗಳೆಂದು ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿದರು. ಊರಿನಲ್ಲಿ ವಾಸಿಸುವವನಿಗೆ ಇನ್ನೊಂದು ಋಣವುಂಟೆಂದು ನಮಗೆ ತೋರುತ್ತದೆ. ನಾವು ಕುಡಿಯುವ ನೀರಿಗೆ, ನಡೆಯುವ ಬೀದಿಗೆ ನಮಗಿಂತ ಮೊದಲು ಹಣ ಕೊಟ್ಟವರುಂಟು, ಬೆವರು ಕೊಟ್ಟವರುಂಟು. ಹಣ ಕೊಟ್ಟವರಲ್ಲಿ ಕೆಲವರ ಹೆಸರು ಪುಸ್ತಕದಲ್ಲಿದೆ. ಬೆವರು ಕೊಟ್ಟವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಇದ್ದ ಹೆಸರನ್ನು ಕಾಪಾಡುವುದೂ ಇಲ್ಲದ ಹೆಸರನ್ನು ಹುಡುಕುವುದೂ ಕೂಡಿ ಈ ಋಣದ ತೀರುವಳಿ. ಅದಕ್ಕೆ ಯಾವ ಕಚೇರಿಯೂ ತಗಾದೆ ಕಳಿಸುವುದಿಲ್ಲ, ಗಡುವು ಹೇಳುವುದಿಲ್ಲ, ಬಾಕಿ ಉಳಿಸಿಕೊಂಡವನ ಮೇಲೆ ಜಪ್ತಿ ತರುವುದಿಲ್ಲ. ತಗಾದೆಯಿಲ್ಲದ ಋಣವನ್ನು ತಾನಾಗಿ ತೀರಿಸುವವನನ್ನೇ ಅಲ್ಲವೆ ನಾವು ಪೌರನೆಂದು ಕರೆಯಬೇಕಾದುದು?